ಅಡುಗೆಮನೆಗೆ ಬಂದ ಮಹಿಳಾ ನಾಯಕತ್ವ

ನಾನು ಹೊಸಪೇಟೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಗ ನಮ್ಮ ಕ್ರೈಸ್ತ ವಿದ್ಯಾರ್ಥಿ ಬಳಗಕ್ಕೆ ರಾಜ್ಯ ಕಚೇರಿಯಿಂದ ಒಂದು ಪತ್ರ ಬಂತು. ಪ್ರತಿ ಶಾಖೆಯೂ ಹೆಣ್ಣುಮಕ್ಕಳಲ್ಲಿ ನಾಯಕತ್ವ ಬೆಳೆಸಬೇಕಂತೆ. ನಮ್ಮ ಕಾರ್ಯದರ್ಶಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು ಅಂದೇ ಐದು ಜನರ ಸಮಿತಿ ಮಾಡಿದ. ಐವರೂ ಹುಡುಗರು.

"ಮೊದ್ಲ ನಾವು ಡಿಸೈಡ್ ಮಾಡ್ತೀವಿ, ಆಮ್ಯಾಲ ನಿಮಗ ಹೇಳ್ತೀವ್ರಿ ಸಿಸ್ಟರ್" ಎಂದ. ಚರ್ಚಿನ ಹಿಂದಿನ ಕೋಣೆಯಲ್ಲಿ ಅವರು ಎರಡು ತಾಸು ನಮ್ಮ ನಾಯಕತ್ವವನ್ನು ಚರ್ಚಿಸಿದರು. ನಾವು ಹೊರಗೆ ಬೇವಿನ ಮರದ ಕೆಳಗೆ ಕಾದೆವು.

ಕೊನೆಗೆ ನನ್ನನ್ನು ಮಹಿಳಾ ಸಂಚಾಲಕಿ ಎಂದು ಘೋಷಿಸಿದರು. ಚಪ್ಪಾಳೆಯೂ ಆಯಿತು. ಕೆಲಸವೇನು ಎಂದು ಕೇಳಿದೆ. ತುಂಗಭದ್ರಾ ಡ್ಯಾಂ ಬಳಿ ಒಂದು ದಿನದ ಮಹಿಳಾ ನಾಯಕತ್ವ ಶಿಬಿರ. ಅಡುಗೆಯ ಉಸ್ತುವಾರಿ ನನ್ನದು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಮನೆಗೆ ಹೋಗಿ ಹೇಳಿದರೆ ಅವ್ವ, "ಉಪ್ಪು ಒಮ್ಮೆಲೆ ಹಾಕಬ್ಯಾಡ" ಎಂದಳು, ಅಷ್ಟೇ.

ಶಿಬಿರದ ದಿನ ಕಂಪ್ಲಿ, ಸಂಡೂರು, ಗಾದಿಗನೂರಿನಿಂದ ನಮ್ಮ ಶಾಖೆಯ ಹುಡುಗಿಯರು ಬಂದರು. ಬಂದವರನ್ನೆಲ್ಲ ನಾನೇ ಈರುಳ್ಳಿ ಹೆಚ್ಚಲು ಕೂರಿಸಿದೆ. ಸಂಚಾಲಕಿಯಲ್ಲವೇ!

ಸಭಾಂಗಣಕ್ಕೆ ಚಹಾ ಒಯ್ದಾಗ ಭಾಷಣ ಶುರುವಾಗುತ್ತಿತ್ತು. ಕಾಲುವೆ ಕಚೇರಿಯಿಂದ ನಿವೃತ್ತರಾದ ಚರ್ಚ್ ಸಭೆಯ ಹಿರಿಯರೊಬ್ಬರು "ಪ್ರಿಯ ಸಹೋದರಿಯರೇ" ಎಂದು ತಲೆಯೆತ್ತಿದರು. ಎದುರಿಗೆ ಇಪ್ಪತ್ತು ಮಂದಿ ಹುಡುಗರು.

"ಎಲ್ಲಿ ಅದಾರಪಾ ಹೆಣ್ಮಕ್ಕಳು?"

"ಅಡಿಗಿ ಮನ್ಯಾಗ ಅದಾರ್ರಿ ಸರ್. ಕರೀಲೇನ್ರಿ?" ಎಂದ ಕಾರ್ಯದರ್ಶಿ.

ಹಿರಿಯರು ಗಡಿಯಾರ ನೋಡಿಕೊಂಡರು. "ಬ್ಯಾಡ ಬ್ಯಾಡ, ಊಟ ಲೇಟಾಗ್ತೈತಿ. ಒಂದು ಸ್ಪೀಕರ್ ಅಲ್ಲೇ ಇಡ್ರಿ."

ನಿಜವಾಗಿಯೂ ಇಟ್ಟರು. ಅಕ್ಕಿ ಚೀಲದ ಮೇಲೆ ಕೂತ ಸ್ಪೀಕರ್ ನಮಗೆ ನಾಯಕತ್ವ ಬೋಧಿಸತೊಡಗಿತು. ನಾವು ಕಣ್ಣೊರೆಸಿಕೊಳ್ಳುತ್ತ ಕೇಳಿದೆವು, ಕಣ್ಣೀರು ಈರುಳ್ಳಿಯದು. ಸ್ವಲ್ಪ ಹೊತ್ತಿಗೆ ಹಿರಿಯರ ದನಿ ಏರಿತು: "ಸಹೋದರಿಯರೇ, ಎಷ್ಟ್ ದಿನ ಒಲೀ ಮುಂದ ಕುಂದ್ರತೀರಿ? ಎದ್ದು ಬರ್ರಿ! ಮುಂದಿನ ಸಾಲಿನಾಗ ಕುಂದ್ರಿ!"

ಸಂಡೂರಿನ ಹುಡುಗಿ, ಗಣಿ ಲಾರಿ ಡ್ರೈವರರ ಮಗಳು, ನರ್ಸಿಂಗ್ ಓದುತ್ತಿದ್ದವಳು, ಸೌಟು ಕೆಳಗಿಟ್ಟು ಗ್ಯಾಸ್ ಆರಿಸಿದಳು.

"ಅಕ್ಕಾ, ಕರ್ಯಾಕತ್ತಾರ. ನಡ್ರಿ."

"ಅನ್ನ ಅರ್ಧಾ ಬೆಂದೈತಿ" ಎಂದೆ.

"ಅನ್ನ ದೊಡ್ಡದೋ, ಹಿರೇರ ಮಾತು ದೊಡ್ಡದೋ? ಸಂಚಾಲಕಿ ನೀವಾ ಹೇಳ್ರಿ."

ನಾನು ಕೈಯೊರೆಸಿಕೊಂಡು ಎಲ್ಲರಿಗಿಂತ ಮುಂದೆ ನಡೆದೆ. ಮುಂದಿನ ಸಾಲಿನ ಹುಡುಗರು ಗಲಿಬಿಲಿಯಿಂದ ಎದ್ದರು, ನಾವು ಕೂತೆವು. ಹಿರಿಯರ ಭಾಷಣ ನಿಂತಿತು. ಹೆಣ್ಣುಮಕ್ಕಳು ಬಂದುಬಿಟ್ಟರೆ ಏನು ಹೇಳಬೇಕೆಂದು ಅವರ ಚೀಟಿಯಲ್ಲಿ ಬರೆದಿರಲಿಲ್ಲ.

"ಭಾಳ ಸಂತೋಷ" ಎಂದರು ಕೊನೆಗೆ. "ಮತ್ತ... ಊಟ?"

"ನೀವಾ ಬರ್ರಿ ಅಂದ್ರಲ್ರಿ" ಎಂದಳು ಸಂಡೂರಿನವಳು.

ಸಮಿತಿಯ ಐವರೂ ಅಡುಗೆಮನೆಗೆ ಓಡಿದರು. ಹಿರಿಯರು ಬೇರೆ ದಾರಿ ಕಾಣದೆ, "ನೀವೇನಾರ ಹೇಳೋದೈತೇನವಾ?" ಎಂದು ಕೇಳಿದರು. ಗಾದಿಗನೂರಿನ ಹುಡುಗಿ ಮೆಲ್ಲಗೆ ಎದ್ದಳು. ಆಕೆ ಸಭೆಯಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು.

"ಭಾನುವಾರ ಸಂಜೀ ಆರಕ್ಕ ಇಡೋ ಮೀಟಿಂಗ್ ಮೂರಕ್ಕ ಇಡ್ರಿ ಸರ್. ಕತ್ತಲಾದ್ರ ಮನ್ಯಾಗ ಕಳ್ಸಂಗಿಲ್ಲ, ಬಸ್ಸೂ ಸಿಗಂಗಿಲ್ಲ."

ಬಳಗದ ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ "ಆಸಕ್ತಿಯ ಕೊರತೆ" ಎಂದು ಬರೆದಿದ್ದನ್ನು ನಾನು ನೋಡಿದ್ದೆ. ಬರೆದವರು ಬಸ್ಸಿನ ಬಗ್ಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹಿರಿಯರು ಚೀಟಿ ಮಡಚಿ ಜೇಬಿಗಿಟ್ಟು, "ಇಷ್ಟ ಅಲ್ಲೇನವಾ? ಮೂರಕ್ಕ ಇಡೂಣು" ಎಂದರು.

ಅಂದಿನ ಅನ್ನ ತಳದಲ್ಲಿ ಸೀದು, ಮೇಲೆ ಅಕ್ಕಿಯಾಗಿಯೇ ಉಳಿದಿತ್ತು. ಹಿರಿಯರು ಎರಡು ಸಲ ಬಡಿಸಿಕೊಂಡು ಉಂಡರು. ಕಾರ್ಯದರ್ಶಿ ವರದಿ ಕಳಿಸಿದ: "ಶಿಬಿರ ಯಶಸ್ವಿ. ಸಂಚಾಲಕಿಯ ಅನನುಭವದಿಂದ ಊಟದಲ್ಲಿ ಸಣ್ಣ ಲೋಪ." ನಾನು ಸಿಟ್ಟಿನಿಂದ ನಡೆದದ್ದನ್ನೆಲ್ಲ ಬರೆದು ರಾಜ್ಯ ಕಚೇರಿಗೆ ಬೇರೆ ಪತ್ರ ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ.

ಮುಂದಿನ ಭಾನುವಾರ ಸತ್ಯವೇದ ಅಧ್ಯಯನ ನಡೆಸಿದ್ದು ಸಂಡೂರಿನವಳು. ನಾನು ಚರ್ಚಿನ ಕೋಣೆಯ ಬೀಗದಕೈ ಹಿಡಿದು ಎರಡೂಮುಕ್ಕಾಲಿಗೆ ಹೋದಾಗ ಗಾದಿಗನೂರಿನ ಹುಡುಗಿ ತನ್ನ ತಂಗಿಯನ್ನೂ ಇಬ್ಬರು ಗೆಳತಿಯರನ್ನೂ ಕಟ್ಟಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದಳು.