ಕೈಯಲ್ಲೇ ಒಯ್ಯಬೇಕಾದ ಘಟ

ನಮ್ಮ ಮನೆಗೆ ಯಾವ ಮಡಕೆಯೂ ಪರೀಕ್ಷೆ ಪಾಸಾಗದೆ ಬರುವಂತಿರಲಿಲ್ಲ. ನಮ್ಮ ಯಜಮಾನರು ಘಟ ನುಡಿಸುತ್ತಿದ್ದರು. ಹಗಲು ಬ್ಯಾಂಕಿನ ಕೆಲಸ, ಸಂಜೆ ಎಲ್ಲಾದರೂ ಸಂಗೀತ. ಬೇಸಿಗೆಗೆ ನೀರಿನ ಮಡಕೆ ತರಲು ಮಾರೇನಹಳ್ಳಿಗೆ ಹೋದರೆ, ಅಂಗಡಿಯಲ್ಲಿದ್ದ ಮಡಕೆಗಳನ್ನೆಲ್ಲ ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಇದು ಬೇಡ, ಅದು ಬೇಡ ಎನ್ನುತ್ತಿದ್ದರು.

"ಸಾರ್, ನೀರು ತುಂಬ್ಸೋಕೋ ಹಾಡ್ಸೋಕೋ?" ಎಂದು ಅಂಗಡಿಯಾಕೆ ಒಮ್ಮೆ ರೇಗಿಯೇಬಿಟ್ಟಳು.

ನಾನು ನಾಚಿಕೆಯಿಂದ ರಸ್ತೆಯಾಚೆ ಹೋಗಿ ನಿಂತಿದ್ದೆ. ನನ್ನ ಸ್ವಭಾವವೇ ಹಾಗೆ, ನಾಲ್ಕು ಜನ ತಿರುಗಿ ನೋಡಿದರೆ ತಡೆಯುವುದಿಲ್ಲ.

ಘಟಕ್ಕೆ ವೀಣೆಯ ಹಾಗೆ ಬಿರಡೆ ಇಲ್ಲ. ಬೆಂಕಿಯಲ್ಲಿ ಬೆಂದು ಹೊರಬಂದಾಗ ಯಾವ ಶ್ರುತಿಯೋ, ಕೊನೆಯವರೆಗೂ ಅದೇ. ಅವರ ಘಟ ಅವರ ಗುರುಗಳು ಕೊಟ್ಟದ್ದು. ನಮ್ಮ ಮದುವೆಗಿಂತ ಹಳೆಯ ಸಂಬಂಧ. ಆಯುಧಪೂಜೆಯಲ್ಲಿ ಅದಕ್ಕೆ ಕುಂಕುಮ, ಹೂವು. ನನಗೆ ಒಂದು ಮೊಳ ಮಲ್ಲಿಗೆ ತರುವುದನ್ನು ಮರೆತರೂ ಅದಕ್ಕೆ ಮರೆತವರಲ್ಲ. ನಮಗೆ ಮಕ್ಕಳಿಲ್ಲ. ಆ ಮಡಕೆ ನನ್ನ ಸವತಿ ಎಂದು ನಾನು ಬಂದವರ ಮುಂದೆ ಹಾಸ್ಯ ಮಾಡುತ್ತಿದ್ದೆ. ಅದು ಪೂರ್ತಿ ಹಾಸ್ಯವಾಗಿರಲಿಲ್ಲ.

ಪರ ಊರಿನ ಕಾರ್ಯಕ್ರಮಕ್ಕೆ ಕರೆಯುವವರು ವಿಮಾನದ ಟಿಕೆಟ್ ಕೊಡುತ್ತಿದ್ದರು, ಲಗೇಜಿನ ಖರ್ಚು ಕೊಡುತ್ತಿರಲಿಲ್ಲ. ಕೈಯಲ್ಲಿ ಒಯ್ಯುವ ಸಾಮಾನು ಏಳು ಕಿಲೋ ಮೀರಿದರೆ ದುಡ್ಡು ಕಟ್ಟಬೇಕು. ಘಟವೇ ಏಳಕ್ಕೆ ಸ್ವಲ್ಪ ಕಡಿಮೆ. ನನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಮಡಿಸಿ ನಾನೇ ಹೊಲಿದ ದಪ್ಪನೆಯ ಗವಸು ಸೇರಿದರೆ ಎಂಟು ದಾಟುತ್ತಿತ್ತು. ಅದಕ್ಕೆ ಅವರ ಉಪಾಯವೆಂದರೆ, ತೂಕಕ್ಕೆ ಇಡುವ ಮುಂಚೆ ಗವಸು ಬಿಚ್ಚಿ ಶಾಲಿನಂತೆ ಹೊದ್ದುಕೊಳ್ಳುವುದು.

"ಮೈಮೇಲಿರೋ ಬಟ್ಟೇನ ಯಾರೂ ತೂಗಲ್ಲ ಕಣೇ" ಎಂದು ಊರಿಗೆ ಮರಳಿದ ಮೇಲೆ ಹೇಳಿ ನಗುತ್ತಿದ್ದರು.

ಮೂರು ವರ್ಷದ ಹಿಂದೆ ಮುಂಬಯಿಯ ಕಾರ್ಯಕ್ರಮಕ್ಕೆ ನಾನೂ ಹೊರಟೆ. ವಿಮಾನ ನಿಲ್ದಾಣದ ಸಾಲಿನಲ್ಲಿ, ಸುಡುವ ಏಪ್ರಿಲ್‌ನಲ್ಲಿ, ನನ್ನ ಹಳೆಯ ಸೀರೆಗಳನ್ನು ಹೊದ್ದು ನಿಂತ ಗಂಡ. ಹಿಂದಿನವರು ಕಿಸಕ್ಕನೆ ನಕ್ಕರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಕೌಂಟರಿನ ಹುಡುಗಿ ಜಾಣೆ.

"ಸಾರ್, ಮೈಮೇಲಿರೋದು ಮಡಕೆ ಕವರ್ ತಾನೇ? ಅದನ್ನೂ ಇಡಿ."

ಇಟ್ಟರು. ಏಳು ದಾಟಿತು. ದುಡ್ಡು ಕಟ್ಟಿ ಇಲ್ಲವೇ ಲಗೇಜಿಗೆ ಹಾಕಿ ಎಂದಳು. ಅವರು ತಕ್ಷಣ ಜೇಬಿಗೆ ಕೈ ಹಾಕಿದರು. ಅಷ್ಟು ವರ್ಷ ಒಂದು ರೂಪಾಯಿಗೂ ಹೆಣಗಾಡಿದ ಮನುಷ್ಯ! ನನ್ನ ಪಿತ್ತ ನೆತ್ತಿಗೇರಿತು.

"ನಂಗೊಂದು ಸೀರೆ ಅಂದ್ರೆ ಮುಂದಿನ ತಿಂಗಳು. ಮಡಕೆಗೆ ಮಾತ್ರ ಈಗ್ಲೇನಾ? ಮಡಕೆ ತಾನೇ, ಲಗೇಜಿಗೆ ಹಾಕಮ್ಮ. ಅದು ಪುಕ್ಕಟೆ."

"ಬೇಡ ಕಣೇ" ಎಂದರು, ಮೆಲ್ಲಗೆ.

"ಮಾನ ಕಳೀಬೇಡಿ ರೀ" ಎಂದೆ ನಾನು. ಆ ಹುಡುಗಿ ಒಡೆಯುವ ಸಾಮಾನು ಎಂಬ ಕೆಂಪು ಚೀಟಿ ಅಂಟಿಸಿದಳು. ಘಟ ಪಟ್ಟಿಯ ಮೇಲೆ ಸಾಗಿ ಪರದೆಯ ಹಿಂದೆ ಹೋಯಿತು. ಅದು ಕಣ್ಮರೆಯಾಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಮುಂಬಯಿಯಲ್ಲಿ ಇಳಿದಾಗ ಗವಸು ಒಂದು ಹೊಲಿಗೆಯೂ ಬಿಡದೆ ಬಂತು. ನೋಡಿ, ಏನೂ ಆಗಿಲ್ಲ ಎಂದು ನಾನು ಗೆದ್ದವಳಂತೆ ಹೇಳಿದೆ. ಅವರು ಅಲ್ಲೇ ಬಗ್ಗಿ, ಗವಸಿನ ಬಾಯಿ ಸಡಿಲಿಸಿ ಗೆಣ್ಣಿನಿಂದ ತಟ್ಟಿದರು. ಡಬ್ ಅಂದಿತು, ಅಷ್ಟೇ. ಪೂರ್ತಿ ಬಿಚ್ಚಿ ನೋಡಿದರೆ ಕಂಠದಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು ಬಿರುಕು.

ಅಂದು ಸಂಜೆ ಮೃದಂಗವೊಂದೇ ನುಡಿಯಿತು. ಇವರು ಸಭಿಕರ ನಡುವೆ ನನ್ನ ಪಕ್ಕ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಒಂದು ಮಾತು ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. "ಮಡಕೆ ತಾನೇ, ಬಿಡು" ಎಂದರು. ನನ್ನ ಮಾತನ್ನೇ ನನಗೆ ತಿರುಗಿ ಕೊಟ್ಟ ಹಾಗಿತ್ತು, ಆದರೆ ಅವರ ದನಿಯಲ್ಲಿ ಕುಹಕವಿರಲಿಲ್ಲ.

ಆಮೇಲೆ ಮತ್ತೊಂದು ಘಟಕ್ಕಾಗಿ ನಾನೇ ಅವರನ್ನು ಊರೂರು ಎಳೆದುಕೊಂಡು ಹೋದೆ. ತಟ್ಟುತ್ತಿದ್ದರು, ಕೇಳುತ್ತಿದ್ದರು, ತಲೆಯಾಡಿಸುತ್ತಿದ್ದರು. ಈಗ ನಾನು ರಸ್ತೆಯಾಚೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ನಿಂತು ನಾನೂ ತಟ್ಟುತ್ತಿದ್ದೆ. ಒಂದೂ ಸಿಗಲಿಲ್ಲ. ಒಡಕು ಮಡಕೆ ಮನೆಯಲ್ಲಿರಬಾರದು ಎಂದು ಎಲ್ಲರೂ ಹೇಳಿದರೂ ಆ ಘಟವನ್ನು ಎಸೆಯಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ಮರುವರ್ಷ ಮಾಘದಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದವರು ಹಾಗೇ ಒರಗಿದರು. ಡಾಕ್ಟರು ಹೃದಯ ಎಂದರು. ನಾನು ಒಪ್ಪಿಕೊಂಡೆ, ಆದರೆ ನನಗೆ ಬೇರೆ ಲೆಕ್ಕವೂ ಗೊತ್ತಿತ್ತು.

ಗೋವಿಂದರಾಜನಗರದ ನಮ್ಮ ಮನೆಯ ಮುಂದೆ ಜನ ಸೇರಿದರು. ಬೆಂಕಿ ಹಿಡಿಯಬೇಕಾದವನು ನನ್ನ ಮೈದುನ. ಅವನು ಮಾರೇನಹಳ್ಳಿಗೆ ಹೋಗಿ, ಸಾವಿನ ಮನೆಗೆ ತರುವ ಹಾಗೆ ಕೈಗೆ ಸಿಕ್ಕ ಮಡಕೆ ಎತ್ತಿಕೊಂಡು ಬಂದಿದ್ದ. ನನ್ನ ಪಕ್ಕ ಇಟ್ಟ. ನನ್ನ ಕೈ ತಾನಾಗಿ ಹೋಗಿ ಗೆಣ್ಣಿನಿಂದ ತಟ್ಟಿತು.

ಅದೇ ಶ್ರುತಿ. ಊರೂರು ಹುಡುಕಿ ಸಿಗದ ಶ್ರುತಿ.

ಮತ್ತೊಮ್ಮೆ ತಟ್ಟಿದೆ. ಅಳುತ್ತಿದ್ದವರು ತಿರುಗಿ ನನ್ನನ್ನೇ ನೋಡಿದರು. ನೋಡಲಿ ಎನ್ನಿಸಿತು. ಪುರೋಹಿತರು ಹೊತ್ತಾಯಿತೆಂದರು. ಮೈದುನ ಮಡಕೆಗೆ ಕೈ ಚಾಚಿದ. ಇನ್ನು ಒಂದು ಗಂಟೆಯಲ್ಲಿ ಅದನ್ನು ಸ್ಮಶಾನದಲ್ಲಿ ಒಡೆಯುತ್ತಾರೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವನ ಕೈ ಹಿಡಿದು ಹೇಳಿದೆ:

"ಗಾಡೀಲಿ ಎಲ್ಲೂ ಇಡ್ಬೇಡಪ್ಪ. ಕೈಯಲ್ಲೇ ಹಿಡ್ಕೊಂಡು ಹೋಗು."