ಉಡಿ ತುಂಬಿದವರ ಗಾಡಿ

ಸಂಡೂರಿನ ಗಣಿಯಲ್ಲಿ ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಉಂಡು ನೌಕರಿ ಮುಗಿಸಿದವನು ನಾನು. ಈಗಲೂ ಬೆಳಕು ಹರಿಯುವುದರೊಳಗೆ ಸ್ನಾನ ಆಗಿರುತ್ತದೆ. ಅಲ್ಲಿ ಕಲಿತ ಇನ್ನೊಂದು ಅಭ್ಯಾಸ ಅನುಮಾನ. ಗಣಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಮೊದಲು ಓಡಿ ಬಂದವನು ನೀರು ಹಿಡಿದು ಬಂದನೋ, ಏನು ಹೇಳಬೇಕೆಂದು ಕಲಿಸಲು ಬಂದನೋ ಎಂದು ನೋಡುತ್ತಿದ್ದೆ.

ತಂಗಿಗೆ ಗಾಡಿ ಬಡಿಯಿತೆಂದು ಫೋನು ಬಂದಾಗಲೂ ಅದೇ ಬುದ್ಧಿಯಲ್ಲಿ ಹೊಸಪೇಟೆಯ ಬಸ್ಸು ಹತ್ತಿದೆ.

ಅವಳ ಮನೆ ಕಡ್ಡಿರಾಂಪುರದಲ್ಲಿ. ಗಂಡ ಬಾಳೆ ತೋಟಗಳಿಗೆ ಕೂಲಿಗೆ ಹೋಗುತ್ತಾನೆ. ಇವಳು ಜೋಳದ ರೊಟ್ಟಿ ಬಡಿದು ಹಂಪಿ ರಸ್ತೆಯ ಖಾನಾವಳಿಗಳಿಗೆ ಕೊಡುತ್ತಾಳೆ. ಮನೆ ನಡೆಯುವುದು ಹೆಚ್ಚಾಗಿ ಆ ರೊಟ್ಟಿಯಿಂದಲೇ. ಅಂದು ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ನಿಂತಿದ್ದಾಗ ಕಂಪ್ಲಿ ಕಡೆಯ ಅಕ್ಕಿ ಗಿರಣಿಯವರ ಗಾಡಿ ಹಿಂದೆ ನೋಡದೆ ಹಿಂದಕ್ಕೆ ಬಂದು ಅವಳನ್ನು ಕೆಡವಿತ್ತು. ಬಲಗೈಯ ಮಣಿಕಟ್ಟು ಮುರಿದಿತ್ತು.

ಗಿರಣಿಯ ಮಾಲೀಕನೇ ಓಡಿ ಬಂದು ಒಳ್ಳೆಯ ಆಸ್ಪತ್ರೆಗೆ ಸೇರಿಸಿದ್ದ. ಖರ್ಚೆಲ್ಲ ಅವನದೇ. ನಾನು ಹೋದಾಗ ಅವನ ಹೆಂಡತಿ ಮಂಚದ ಪಕ್ಕ ಕುಳಿತು ಮೋಸಂಬಿ ಸುಲಿದು ತಂಗಿಯ ಬಾಯಿಗಿಡುತ್ತಿದ್ದಳು. ನನ್ನನ್ನು ನೋಡಿ ಎದ್ದು, "ಬರ್ರಿ ಅಣ್ಣಾರ, ಕುಂದ್ರಿ, ಚಾ ತರಸ್ಲೇನು?" ಎಂದಳು. ಬೇಡವೆಂದೆ.

ಆಪರೇಷನ್ ಆಗಿ ಪ್ಲೇಟು ಕೂರಿಸಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಬೆರಳು ಪೂರ್ತಿ ಮಡಚಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಪ್ಲೇಟು ತೆಗೆಯಲು ಮತ್ತೊಮ್ಮೆ ಕೊಯ್ಯಬೇಕಾಗಬಹುದು ಎಂದರು. ರೊಟ್ಟಿ ಬಡಿಯಲು ಆಗುತ್ತದೆಯೇ ಎಂದು ಕೇಳಿದೆ. ನೋಡೋಣ ಎಂದು ಪಕ್ಕದ ವಾರ್ಡಿಗೆ ನಡೆದರು.

ಒಳಗೆ ಬಂದರೆ ತಂಗಿಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಖಣ. ಮಾಲೀಕನ ಹೆಂಡತಿ ಆಸ್ಪತ್ರೆಯ ಮಂಚದ ಮೇಲೇ ಉಡಿ ತುಂಬಿದ್ದಳು. ನಮ್ಮ ಕಡೆ ಉಡಿ ತುಂಬಿದ ಮನೆ ತವರು ಮನೆಯಾಗುತ್ತದೆ. ತಂಗಿ ಅಳುತ್ತಿದ್ದಳು.

ಅವರು ಹೋದ ಮೇಲೆ ಹೇಳಿದಳು, "ಅವ್ವ ಸತ್ತ ಮ್ಯಾಲೆ ನನ್ನ ಉಡಿ ಯಾರು ತುಂಬ್ಯಾರ? ನೀ ಅಂತೂ ಪಂಚಮಿಗೆ ಫೋನ್ ಮಾಡಿ 'ಆರಾಮ ಇದ್ದೀ?' ಅಂತೀ, ಇಟ್ಟಬಿಡ್ತಿ."

"ಪೊಲೀಸರು ಬಂದ್ರ ಏನು ಹೇಳು ಅಂದಾರ?"

ಅವಳು ಗೋಡೆಯ ಕಡೆ ನೋಡಿದಳು. "ಗಾಡಿ ನಿಂತಿತ್ತು, ನಾನ ಕಾಲು ಜಾರಿ ಬಿದ್ದೆ ಅಂತ."

ಗಾಡಿ ಬಡಿದ ಗಾಯವೆಂದು ಆಸ್ಪತ್ರೆಯವರು ಠಾಣೆಗೆ ತಿಳಿಸಿಯಾಗಿತ್ತು. ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬರುವುದಷ್ಟೇ ಬಾಕಿ. ಅವಳು ಜಾರಿಬಿದ್ದೆ ಎಂದರೆ ಪರಿಹಾರದ ದಾವೆ ಅಲ್ಲಿಗೇ ಮುಗಿದಂತೆ. ನಾನು ತಿಳಿಸಿ ಹೇಳಿದೆ: ಇವತ್ತಿನ ಬಿಲ್ಲು ಇವರು ಕಟ್ಟುತ್ತಾರೆ. ಮುಂದಿನ ಆಪರೇಷನ್ನಿಗೆ ಯಾರ ಬಾಗಿಲು ತಟ್ಟುತ್ತೀ? ಕೈ ಮೊದಲಿನಂತೆ ಆಗದಿದ್ದರೆ ಖಾನಾವಳಿಯವರು ಕಾಯುತ್ತಾರೆಯೇ? ದಾವೆ ಹಾಕುವುದೆಂದರೆ ಯಾರನ್ನೋ ಜೈಲಿಗೆ ಕಳಿಸುವುದಲ್ಲ. ಗಾಡಿಗೆ ವಿಮೆ ಇರುವುದು ಇದಕ್ಕೇ.

"ಉಡಿ ತುಂಬಿದವ್ರ ಮ್ಯಾಲೆ ಕೇಸ್ ಹಾಕ್ತಾರೇನಣ್ಣ? ನಿನಗ ಎಲ್ಲರ ಮ್ಯಾಲೂ ಅನುಮಾನ. ಚಾದಾಗ ಸಕ್ಕರಿ ಜಾಸ್ತಿ ಆದ್ರೂ ಯಾಕ ಹಾಕಿದ್ರಿ ಅಂತೀ."

ಅದು ಸುಳ್ಳಲ್ಲ. ಅಂದೇ ವರಾಂಡದಲ್ಲಿ ಒಬ್ಬ ಫೈಲು ಹಿಡಿದು ನನ್ನ ಹಿಂದೆ ಬಿದ್ದಿದ್ದ. ವಕೀಲರ ಕಡೆಯವನಂತೆ, ದುಡ್ಡು ಸುರಿಯುವಂತೆ ಮಾಡಿಕೊಡುತ್ತಾನಂತೆ, ಖಾಲಿ ಕಾಗದಕ್ಕೆ ತಂಗಿಯ ಸಹಿ ಬೇಕಂತೆ. ಅವನನ್ನೂ ಅಟ್ಟಿದ್ದೆ. ಕೇಸು ಬೇಡ ಅನ್ನುವವರನ್ನು ನಂಬದವನು ಖಾಲಿ ಕಾಗದಕ್ಕೆ ಸಹಿ ಹಾಕಿ ಅನ್ನುವವನನ್ನು ಯಾಕೆ ನಂಬಲಿ?

ಸಂಜೆ ಮಾಲೀಕನನ್ನು ಆಸ್ಪತ್ರೆಯೆದುರಿನ ಚಹಾದಂಗಡಿಗೆ ಕರೆದೊಯ್ದು ನೇರವಾಗಿ ಕೇಳಿದೆ.

"ಗಾಡಿಗೆ ಇನ್ಶೂರೆನ್ಸ್ ಐತಿ?"

"ಐತ್ರಿ ಯಜಮಾನ್ರ."

"ಮತ್ತ ಯಾಕ ಅಂಜ್ತೀರಿ? ಕೊಡೋದು ಕಂಪನಿ."

ಅವನು ಚಹಾ ಊದುತ್ತ ಕುಳಿತ. ಆಮೇಲೆ, "ಗಾಡಿ ಹೊಡೀತಿದ್ದವ ನನ್ನ ಅಳಿಯಾರಿ," ಎಂದ.

"ಲೈಸೆನ್ಸ್?"

"ಮಾಡಸ್ಬೇಕಂತಿದ್ವಿ." ಕಪ್ಪು ಕೆಳಗಿಟ್ಟ. "ಲೈಸೆನ್ಸ್ ಇಲ್ಲಂದ್ರ ಕಂಪನಿಯವ್ರು ಕೊಟ್ಟಿದ್ದನ್ನ ನನ್ನ ಕಡಿಂದ ವಸೂಲಿ ಮಾಡ್ತಾರಂತ. ಮಗಳ ಸಂಸಾರ ನೋಡ್ರಿ. ನಿಮ್ಮ ತಂಗೀನ ನಾನು ಕೈಬಿಡಂಗಿಲ್ಲ. ಮಾತು ಕೊಡ್ತೀನಿ."

ಅವನ ಕಣ್ಣು ತುಂಬಿತ್ತು. ಮಾತು ಕೊಡುವವರ ಕಣ್ಣು ತುಂಬಿದ್ದನ್ನು ನಾನು ಗಣಿಯಲ್ಲೂ ಕಂಡಿದ್ದೆ. ಆ ಮಾತು ಎಷ್ಟು ದಿನ ನಡೆಯಿತು ಎಂಬುದನ್ನೂ ಕಂಡಿದ್ದೆ. ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ಪಟ್ಟಿಯಿಂದ ಹೊರಗಿದ್ದ ಬೆರಳುಗಳನ್ನು ಮಡಚಲು ನೋಡಿದಳು. ಕಿರುಬೆರಳು ಮಾತ್ರ ಸ್ವಲ್ಪ ಅಲುಗಿತು.

ಮರುದಿನ ಹವಾಲ್ದಾರರು ಬಂದಾಗ ಮಾಲೀಕನ ಹೆಂಡತಿ ಅಲ್ಲೇ ಇದ್ದಳು. ತಂಗಿಯ ಎಡಗೈ ಅವಳ ಕೈಯಲ್ಲಿತ್ತು. ನಾನು ಬಾಗಿಲಲ್ಲಿ ನಿಂತೆ. ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು.

"ಹೆಂಗಾತು ಹೇಳ್ರಿ ಅಮ್ಮಾರ," ಎಂದರು ಹವಾಲ್ದಾರರು.

ತಂಗಿ ಆ ಹೆಂಗಸಿನ ಮುಖ ನೋಡಿದಳು. "ಅತ್ತಿಗಿ, ಉಡಿ ತುಂಬಿ ನೀವು ತವರುಮನಿ ಆದ್ರಿ. ತವರಿನ್ಯಾಗ ಹೆಣ್ಣುಮಗಳು ತನ್ನ ಕಷ್ಟ ಮುಚ್ಚಿಡತಾಳೇನು?" ಎಂದು, ಹವಾಲ್ದಾರರ ಕಡೆ ತಿರುಗಿದಳು. "ನಾನು ಬಸ್ಸಿಗೆ ನಿಂತಿದ್ದೆ ಸಾಹೇಬ್ರ. ಕಾಲು ಜಾರಿಲ್ಲ. ಗಾಡಿ ಹಿಂದಕ್ಕ ಬಂತು."

ಬರೆದದ್ದನ್ನು ಓದಿಸಿ ಕೇಳಿದಳು. ಬಲಗೈಗೆ ಪಟ್ಟಿ ಇದ್ದುದರಿಂದ ಸಹಿಯ ಬದಲು ಎಡಗೈ ಹೆಬ್ಬೆಟ್ಟು ಒತ್ತಿದಳು. ಮಾಲೀಕನ ಹೆಂಡತಿ ಸೆರಗಿನ ತುದಿ ನೆನೆಸಿ ಅವಳ ಹೆಬ್ಬೆರಳಿನ ಮಸಿ ಒರೆಸಿದಳು. ಅದು ಅಕ್ಕರೆಯೋ, ಮುಂದಿನ ರಾಜಿ ಮಾತಿಗೆ ಹಾಕಿದ ತಳಪಾಯವೋ ನನಗೆ ಇಂದಿಗೂ ತಿಳಿದಿಲ್ಲ.