ಉಸ್ತಾ ಯದೊಲ್ಲಾ ಅವರ ಹಲ್ಲಿನ ಸಂದು

ನಮ್ಮ ಇರಾನಿನ ಪಂಚಾಂಗದ ೧೪೦೨ನೆಯ ವರ್ಷದ ಆಬಾನ್ ತಿಂಗಳ ಹದಿನಾಲ್ಕರಂದು, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಇಸ್ಫಹಾನಿನ ಒಂದು ದಂತ ಚಿಕಿತ್ಸಾಲಯದಲ್ಲಿ ನನ್ನ ಸ್ನೇಹಿತ ಯದೊಲ್ಲಾ ಬಾಫಂದೆ ಅವರ ಮೇಲಿನ ಹಲ್ಲುಗಳಿಗೆ, ಅವರ ಒಪ್ಪಿಗೆಯಿಲ್ಲದೆ, ಆರು ಪಿಂಗಾಣಿ ಪದರಗಳನ್ನು ಅಂಟಿಸಲಾಯಿತು. ಮೂವತ್ತೊಂದು ವರ್ಷ ನೀರು ಸರಬರಾಜು ಇಲಾಖೆಯಲ್ಲಿ ಅಳತೆ ಬರೆದು ನಿವೃತ್ತನಾದವನು ನಾನು. ಗಂಟೆಯನ್ನು ಗೋಡೆಯ ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ.

ಯದೊಲ್ಲಾ ರತ್ನಗಂಬಳಿಗಳಿಗೆ ರಫೂ ಹಾಕುವವರು; ಕಸುಬಿನಲ್ಲಿ ಪಳಗಿದವರೆಂದು ಊರವರೆಲ್ಲ ಉಸ್ತಾ ಎನ್ನುತ್ತಾರೆ. ಅವರು ಮುಚ್ಚಿದ ತೂತು ಎಲ್ಲಿತ್ತೆಂದು ಕಂಬಳಿಯ ಮಾಲೀಕನೇ ಬೆರಳಿಟ್ಟು ತೋರಿಸಲಾರ. ಗುರುವಾರ ಸಂಜೆ ಮಾತ್ರ ಸೂಜಿ ಬದಿಗಿಟ್ಟು ನಮ್ಮ ನಾಲ್ಕು ಜನರ ಸಂಗೀತ ಕೂಟದಲ್ಲಿ ನೈ ನುಡಿಸುತ್ತಿದ್ದರು. ಈ ಜೊಂಡಿನ ಕೊಳಲನ್ನು ನಮ್ಮಲ್ಲಿ ಬರಿಯ ತುಟಿಗಿಟ್ಟು ಊದುವುದಿಲ್ಲ. ಅದರ ಹಿತ್ತಾಳೆಯ ಬಾಯನ್ನು ಮುಂಬಲ್ಲುಗಳ ಸಂದಿಗೆ ಸಿಕ್ಕಿಸಿ, ನಾಲಗೆಯಿಂದ ಉಸಿರನ್ನು ತಿರುಗಿಸಬೇಕು. ಯದೊಲ್ಲಾರ ಸಂದು ಹುಟ್ಟಿನಿಂದ ಬಂದದ್ದು. ನಲವತ್ತು ವರ್ಷಗಳಲ್ಲಿ ಹಿತ್ತಾಳೆಯು ಅದರ ಅಂಚುಗಳನ್ನು ಸ್ವಲ್ಪಸ್ವಲ್ಪವೇ ಮುಕ್ಕಾಗಿಸಿತ್ತು.

"ನೀನು ನಕ್ರೆ ಇಲಿ ಕಡಿದ ಕಂಬಳಿ ಬಿಚ್ಚಿಟ್ಟ ಹಾಗಿರುತ್ತೆ. ಊರಿಗೆಲ್ಲ ರಫೂ ಹಾಕ್ತೀಯ, ನಿನ್ನ ಬಾಯಿಗೆ ಯಾರು ಹಾಕ್ಬೇಕು?" ಎಂದು ಪತ್ನಿ ತೂಬಾ ಛೇಡಿಸಿದ ಮೇಲೆಯೇ ಅವರು ಡಾಕ್ಟರ್ ಕೇವಾನ್ ಜರ್ರೀನ್‌ಫರ್ ಅವರ ಬಳಿಗೆ ಹೋದದ್ದು. ನಾನು ಜೊತೆಗಿದ್ದೆ. ಪದರ ಕೂರಿಸಲು ಹಲ್ಲು ಸವೆಸುವ ಮೊದಲೇ ಯದೊಲ್ಲಾ ಸ್ಪಷ್ಟವಾಗಿ ಹೇಳಿದರು: "ಡಾಕ್ಟ್ರೇ, ಸಂದು ಹಾಗೇ ಇರ್ಲಿ. ನನ್ನ ನೈ ಕೂರೋ ಜಾಗ ಅದು."

"ಅಂಟಿಸೋ ಮುಂಚೆ ಇಟ್ಟು ತೋರಿಸ್ತೀನಿ, ಉಸ್ತಾ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕಳ್ಸಿ ಬೇರೆ ಮಾಡಿಸೋಣ."

ಪದರಗಳು ಬಂದ ಮೇಲೆ, ಹದಿನಾಲ್ಕರಂದು, ಇಟ್ಟು ತೋರಿಸಿದ್ದು ನಿಜ. ಕನ್ನಡಿ ಹಿಡಿದದ್ದೂ ನಿಜ. ಹೆಚ್ಚೆಂದರೆ ನಾಲ್ಕು ಸೆಕೆಂಡು. ಯದೊಲ್ಲಾರ ಎರಡೂ ಕೆನ್ನೆಗಳ ಒಳಗೆ ಹತ್ತಿ ತುರುಕಲಾಗಿತ್ತು. ಸಂದು ಮುಚ್ಚಿಹೋಗಿತ್ತು.

"ಹೇಗಿದೆ?" ಎಂದರು ವೈದ್ಯರು.

"ನಿಮ್ಮ ಕೈ ನೋಯದಿರ್ಲಿ, ಡಾಕ್ಟ್ರೇ."

"ನಿಮ್ಮ ತಲೆ ನೋಯದಿರ್ಲಿ, ಉಸ್ತಾ," ಎಂದವರೇ ನರ್ಸಿನತ್ತ ತಿರುಗಿ, "ಅಂಟಿಸೋಣ" ಎಂದರು.

ಈ ಊರಿನಲ್ಲಿ ಕಿವಿ ಕೊಯ್ದ ಕ್ಷೌರಿಕನಿಗೂ ಕೈ ನೋಯದಿರಲಿ ಎಂದೇ ಧನ್ಯವಾದ ಹೇಳುತ್ತೇವೆ. ಮೊದಲ ಮಾತು ಮರ್ಯಾದೆಗೆ, ಎರಡನೆಯದೂ ಮರ್ಯಾದೆಗೇ. ಮನಸ್ಸಿನಲ್ಲಿರುವುದು ಹೊರಬರುವುದು ಮೂರನೆಯ ಸಲಕ್ಕೆ. ಇಲ್ಲೇ ಹುಟ್ಟಿ ಬೆಳೆದ ವೈದ್ಯರಿಗೆ ಇದು ಗೊತ್ತಿಲ್ಲವೆಂದರೆ ನಾನು ನಂಬಲಾರೆ. ಯದೊಲ್ಲಾ "ಆದ್ರೆ..." ಎನ್ನುವಷ್ಟರಲ್ಲಿ ಅವರ ಬಾಯಲ್ಲಿ ಅಂಟನ್ನು ಗಟ್ಟಿಯಾಗಿಸುವ ನೀಲಿ ದೀಪ ಹೊತ್ತಿತ್ತು. ಬಾಗಿಲ ಬಳಿ ಕುಳಿತಿದ್ದ ನಾನು ಎದ್ದು ಕೂಗಬಹುದಿತ್ತು. ಕೆಲಸದಲ್ಲಿರುವವರನ್ನು ತಡೆಯುವುದು ಸಭ್ಯತೆಯಲ್ಲವೆಂದು ಸುಮ್ಮನಿದ್ದೆ. ಈ ತಪ್ಪನ್ನೂ ದಾಖಲಿಸುತ್ತಿದ್ದೇನೆ.

ಆ ಗುರುವಾರ ಯದೊಲ್ಲಾ ನೈಯನ್ನು ಬಾಯಿಗಿಟ್ಟರು. ಹಿತ್ತಾಳೆ ಜಾರಿತು. ಮತ್ತೆ ಇಟ್ಟರು, ಮತ್ತೆ ಜಾರಿತು. ಗಂಟೆ ಹೊತ್ತು ಪ್ರಯತ್ನಿಸಿದರೂ ಬಂದದ್ದು ಬರಿಯ ಗಾಳಿ.

ಶನಿವಾರ ಮತ್ತೆ ಚಿಕಿತ್ಸಾಲಯಕ್ಕೆ ಹೋದೆವು.

"ಸಿನಿಮಾದವರ ಹಲ್ಲು ಇದ್ದಂಗಿದೆ! ಸಂದು ಬೇಕು ಅಂತ ಯಾರಾದ್ರೂ ಕೇಳ್ತಾರಾ?" ಎಂದು ವೈದ್ಯರು ನಕ್ಕರು.

"ನಾನು ಕೇಳಿದ್ದೆ."

"ಆಮೇಲೆ ಒಪ್ಕೊಂಡ್ರಲ್ಲ?"

"ಕೈ ನೋಯದಿರ್ಲಿ ಅಂದೆ, ಅಷ್ಟೇ."

"ಒಪ್ಪಿಗೆ ಅಂದ್ರೆ ಇನ್ನೇನು, ಉಸ್ತಾ? ಈಗ ತೆಗೀಬೇಕಂದ್ರೆ ಕೊರೆದೇ ತೆಗೀಬೇಕು. ಕೆಳಗಿರೋದು ಸವೆಸಿದ ಹಲ್ಲು, ಮೊದಲಿನ ಥರ ಆಗಲ್ಲ."

ಯದೊಲ್ಲಾ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಅಭ್ಯಾಸಬಲದಿಂದ ಅದೇ ಕೈ ನೋಯದಿರಲಿ ಎಂಬ ಮಾತನ್ನು ಮತ್ತೆ ಹೇಳಿ ಹೊರಗೆ ಬಂದರು. ಮೆಟ್ಟಿಲಿನ ಮೇಲೆ, "ಇನ್ನೇನು ಹೇಳ್ಬೇಕಿತ್ತು, ಹೇಳು?" ಎಂದು ನನ್ನನ್ನೇ ಕೇಳಿದರು. ಈಗ ಗುರುವಾರಗಳಲ್ಲಿ ಅವರು ಬಂದು ಚಹಾ ಕುಡಿದು, ಕೈಕಟ್ಟಿ ಕುಳಿತು ನಮ್ಮ ಹಾಡು ಕೇಳುತ್ತಾರೆ.

ಡಾಕ್ಟರ್ ಜರ್ರೀನ್‌ಫರ್ ಅವರೇ, ಇದು ಯದೊಲ್ಲಾರ ಪರವಾಗಿ ನಾನು ಬರೆಯುತ್ತಿರುವ ಬೇಡಿಕೆ. ನಡುವಿನ ಎರಡು ಪದರಗಳನ್ನು ನೀವೇ ಕೊರೆದು ತೆಗೆಯಬೇಕು. ಸಂದು ಬಿಟ್ಟು ಹೊಸವನ್ನು ಮಾಡಿಸಬೇಕು. ಅವುಗಳನ್ನು ತಾತ್ಕಾಲಿಕವಾಗಿ ಕೂರಿಸಿ, ಬಾಯಿಯ ಹತ್ತಿ ತೆಗೆದು, ನಿಮ್ಮ ಕುರ್ಚಿಯಲ್ಲೇ ಅವರು ನೈ ಊದಿ ನೋಡುವಷ್ಟು ಹೊತ್ತು ಕಾಯಬೇಕು. "ಸರಿ, ಅಂಟಿಸಿ" ಎಂಬ ಎರಡು ಪದಗಳನ್ನು ಅವರು ತಮ್ಮ ಬಾಯಿಂದಲೇ ಹೇಳುವವರೆಗೆ ಆ ದೀಪವನ್ನು ಹೊತ್ತಿಸಕೂಡದು.